ಬಾಂಬಿನ ಪ್ರಶ್ನೆ ರಿಯಾಕ್ಟರಿಗೆ ಕೇಳಬೇಡ್ರಿ

ರಾಜಸ್ಥಾನದ ರಾವತ್‌ಭಾಟಾ ಅಣು ಸ್ಥಾವರದಲ್ಲಿ ರಿಯಾಕ್ಟರಿಗೆ ಇಂಧನ ತುಂಬೋ ಸೆಕ್ಷನ್‌ನಲ್ಲಿದ್ದೆ ಅಂದ್ರೆ ದಾವಣಗೆರೆಲಿ ಜನ ಕೇಳೋದು ಎರಡೇ, ರೇಡಿಯೇಷನ್ ತಗುಲಿಲ್ವಾ ಅಂತ ಒಂದು, ಬಾಂಬಿಗೆ ಮಾಲು ಅಲ್ಲಿಂದಾನೇ ಹೋಗುತ್ತಂತಲ್ಲ ಅಂತ ಇನ್ನೊಂದು. ಮೊದಲನೇದು ಇನ್ನೊಂದ್ಸಲ ಬರೀತೀನಿ. ಎರಡನೇದು ದಡ್ಡ ಪ್ರಶ್ನೆ ಏನಲ್ಲ, ಆದ್ರೆ ರಿಯಾಕ್ಟರಿಗಿಂತ ಮುಂಚೆ ಬರೋ ಕಾರ್ಖಾನೆ, ಆಮೇಲೆ ಬರೋ ಕಾರ್ಖಾನೆ, ಇವೆರಡಕ್ಕೆ ಕೇಳಬೇಕಾದ ಪ್ರಶ್ನೆ ಅದು.

ಮುಂಚಿನದು ಎನ್‌ರಿಚ್‌ಮೆಂಟ್, ಅಂದ್ರೆ ಯುರೇನಿಯಂನಲ್ಲಿ ಯು-235ರ ಪಾಲು ಹೆಚ್ಚಿಸೋದು. ಗಣಿಯಿಂದ ಬರೋ ಯುರೇನಿಯಂನಲ್ಲಿ 1000 ಪರಮಾಣುಗೆ, ಸುಲಭವಾಗಿ ಒಡೆದು ಶಕ್ತಿ ಕೊಡೋ ಈ ಯು-235 ಸಿಗೋದು ಬರೀ 7, ಮಿಕ್ಕಿದ್ದೆಲ್ಲ ಯು-238. ಸೆಂಟ್ರಿಫ್ಯೂಜ್ ಅನ್ನೋ ಜೋರಾಗಿ ಸುತ್ತೋ ಯಂತ್ರ ತಿರುಗಿಸಿ ಆ 238ನ ತೆಗೀತಾ ಹೋಗ್ಬೇಕು. 825 ತೆಗೆದ್ರೆ 4%ಗೆ ಬರುತ್ತೆ, ಕರೆಂಟಿಗೆ ಅಷ್ಟು ಸಾಕು. ಅಲ್ಲಿಂದ ಇನ್ನೊಂದು 140 ತೆಗೆದ್ರೆ 20%, ಆಮೇಲೆ 27 ತೆಗೆದ್ರೆ ಸುಮಾರು 90%, ಅದು ಬಾಂಬಿನ ಮಾಲು. ನಿಜವಾದ ಪ್ಲಾಂಟ್‌ನಲ್ಲಿ ಲೆಕ್ಕ ಇಷ್ಟು ಸಲೀಸಿಲ್ಲ, ಆದ್ರೆ ಹೆಚ್ಚಿನ ದುಡಿಮೆ ಕರೆಂಟಿನ ಮಟ್ಟಕ್ಕೆ ಬರೋ ಹೊತ್ತಿಗೇ ಮುಗಿದಿರುತ್ತೆ ಅನ್ನೋದಂತೂ ಖರೆ. 2015ರ ಒಪ್ಪಂದದಲ್ಲಿ ಇರಾನಿಗೆ 3.67% ಅಂತ ಗೆರೆ ಹಾಕಿದ್ದು, 2021ರಲ್ಲಿ ಅವರು 60%ಗೆ ಹೋದಾಗ ಎಲ್ಲರೂ ಗಾಬರಿ ಬಿದ್ದಿದ್ದು ಇದಕ್ಕೇ.

ಆಮೇಲಿಂದು ರೀಪ್ರೊಸೆಸಿಂಗ್, ಅಂದ್ರೆ ರಿಯಾಕ್ಟರಲ್ಲಿ ಉರಿದ ಇಂಧನನ ಆಸಿಡ್‌ನಲ್ಲಿ ಕರಗಿಸಿ, ಉರಿಯೋವಾಗ ಅದರಲ್ಲಿ ಹುಟ್ಟಿದ ಪ್ಲುಟೋನಿಯಂ ಬೇರೆ ಮಾಡೋದು. ನಮ್ಮ ಮಂಡಕ್ಕಿ ಭಟ್ಟಿ ನೋಡಿದೋರಿಗೆ ಇದು ಬೇಗ ತಿಳಿಯುತ್ತೆ, ಬಿಸಿ ಮರಳಲ್ಲಿ ಅಕ್ಕಿ ಅರಳಿದ ತಕ್ಷಣ ತೆಗೀಬೇಕು, ಬಿಟ್ರೆ ಸೀದು ಹೋಗುತ್ತೆ. ಇಂಧನನ ಬೇಗ ತೆಗೆದ್ರೆ ಬಾಂಬಿಗೆ ಬೇಕಾದ ಪ್ಲುಟೋನಿಯಂ-239, ಕರೆಂಟಿಗೋಸ್ಕರ ಜಾಸ್ತಿ ದಿನ ಉರಿಸಿದ್ರೆ ಪ್ಲುಟೋನಿಯಂ-240 ಸೇರ್ಕೊಂಡು ಬಾಂಬ್ ಮಾಡೋರಿಗೆ ತಲೆನೋವು. ತಲೆನೋವು ಅಷ್ಟೇ ಮತ್ತೆ, ಆಗೋದೇ ಇಲ್ಲ ಅಂತಲ್ಲ, ಅಮೆರಿಕದೋರು 1962ರಲ್ಲೇ ಅಂಥ ಮಾಲಿಂದ ಸಿಡಿಸಿ ನೋಡಿದ್ರು.

ನಮ್ಮ 220 ಮೆಗಾವ್ಯಾಟ್ ಹೆವಿ ವಾಟರ್ (ಭಾರಜಲ) ರಿಯಾಕ್ಟರಲ್ಲಿ 306 ಚಾನೆಲ್, ಅಂದ್ರೆ ಕೊಳವೆ, ಒಂದೊಂದರಲ್ಲಿ 12 ಇಂಧನ ಬಂಡಲ್ ಇರ್ತಾವೆ. ರಿಯಾಕ್ಟರ್ ಓಡ್ತಿರೋವಾಗ್ಲೇ ಆ ಕಡೆ ಈ ಕಡೆ ಎರಡು ಮಷಿನ್ ಕಚ್ಕೊಂಡು, ಒಂದು ಹೊಸಾದು ತಳ್ಳುತ್ತೆ, ಇನ್ನೊಂದು ಹಳೇದು ಹಿಡ್ಕೊಳ್ಳುತ್ತೆ. ಬಂದ್ ಮಾಡದೇ ತೆಗೀಬಹುದು ಅಂದ್ರೆ ಬೇಗ ತೆಗೀಬಹುದು ಅಂತಾನೂ ಅರ್ಥ, ಅದಕ್ಕೇ ಇಂಥ ರಿಯಾಕ್ಟರ್ ಮೇಲೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಐಎಇಎ ಕಣ್ಣು ಜಾಸ್ತಿ. ರಾವತ್‌ಭಾಟಾದಲ್ಲಿ ಅವರ ಕ್ಯಾಮೆರಾ, ಸೀಲು, ಬಂಡಲ್ ಲೆಕ್ಕ ಎಲ್ಲಾ ಉಂಟು. 8 ಕೆಜಿ ಪ್ಲುಟೋನಿಯಂ ಕಾಣೆ ಆಯ್ತು ಅಂದ್ರೆ ಒಂದು ಬಾಂಬಿಗೆ ಸಾಕು ಅಂತ ಅವರು ಲೆಕ್ಕ ಹಿಡೀತಾರೆ. ಆದ್ರೆ ನಮ್ಮ ಕೈಗಾ ಆ ತಪಾಸಣೆ ಪಟ್ಟಿಗೆ ಬರಲ್ಲ, ಅಮೆರಿಕದ ಜೊತೆ ಅಣು ಒಪ್ಪಂದ ಮಾಡ್ಕೊಂಡಾಗ ಭಾರತ ಅದನ್ನ ಹೊರಗೇ ಇಟ್ಕೊಳ್ತು.

ಇನ್ನು ಇತಿಹಾಸ. 1974ರ ಪೋಖ್ರಾನ್ ಅಣು ಸ್ಫೋಟದ ಪ್ಲುಟೋನಿಯಂ ಬಂದಿದ್ದು ಟ್ರಾಂಬೆಯ ಸೈರಸ್‌ನಿಂದ. ಕೆನಡಾ ಕೊಟ್ಟ ರಿಯಾಕ್ಟರ್, ಅಮೆರಿಕದ ಹೆವಿ ವಾಟರ್, ಶಾಂತಿಗೆ ಅಂತ ಹೇಳಿ ತಂದಿದ್ದು, ಸಂಶೋಧನೆ ರಿಯಾಕ್ಟರ್ ಆದ್ದರಿಂದ ಒಂದು ಯೂನಿಟ್ ಕರೆಂಟೂ ಮಾಡಲಿಲ್ಲ. ಅಣು ಸಾಮಗ್ರಿ ಮಾರೋ ದೇಶಗಳ ಕೂಟ ನ್ಯೂಕ್ಲಿಯರ್ ಸಪ್ಲೈಯರ್ಸ್ ಗ್ರೂಪ್ ಹುಟ್ಟಿದ್ದೇ ಆ ಸಿಟ್ಟಿಗೆ. ಪಾಕಿಸ್ತಾನದ ಬಾಂಬಿನ ಹಿಂದಿದ್ದ ವಿಜ್ಞಾನಿ ಎ.ಕ್ಯೂ. ಖಾನ್ ಡ್ರಾಯಿಂಗ್ ಹೊತ್ಕೊಂಡು ಹೋಗಿದ್ದಂತೂ ಯುರೋಪಿನ ಕರೆಂಟ್ ರಿಯಾಕ್ಟರಿಗೆ ಇಂಧನ ಮಾಡೋ ಸೆಂಟ್ರಿಫ್ಯೂಜ್‌ದು. ಹಂಗಂತ ಅಣು ಕರೆಂಟ್ ಮಾಡೋರೆಲ್ಲ ಬಾಂಬ್ ಮಾಡ್ತಾರೆ ಅನ್ನೋಕಾಗಲ್ಲ, 30ಕ್ಕೂ ಹೆಚ್ಚು ದೇಶ ಕರೆಂಟ್ ಮಾಡ್ತಾವೆ, ಬಾಂಬ್ ಇರೋದು 9 ದೇಶದಲ್ಲಿ, ಅದರಲ್ಲಿ ಇಸ್ರೇಲಿಗೆ ಕರೆಂಟ್ ರಿಯಾಕ್ಟರೇ ಇಲ್ಲ.

ಮೊನ್ನೆ ಚಳ್ಳಕೆರೆಯಿಂದ ತಮ್ಮನ ಮಗ ಫೋನ್ ಮಾಡಿ, ದೊಡ್ಡಪ್ಪ, ನಮ್ಮ ಉಳ್ಳಾರ್ತಿ ಕಾವಲಲ್ಲಿ ರಿಯಾಕ್ಟರ್ ಬರುತ್ತಂತೆ, ಹೌದಾ ಅಂದ. ರಿಯಾಕ್ಟರ್ ಅಲ್ಲಪ್ಪಾ, ಭಾಭಾ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಗೆ ಜಾಗ ಕೊಟ್ಟಿರೋದು ಎನ್‌ರಿಚ್‌ಮೆಂಟಿಗೆ ಅಂದೆ. ಹಂಗಾರೆ ಕೈಗಾಕ್ಕೆ ಹೋಗುತ್ತಾ ಅಂತ ಕೇಳ್ದ. ಇಲ್ಲ, ಕೈಗಾ ಓಡೋದು ಎನ್‌ರಿಚ್ ಮಾಡದೇ ಇರೋ ಯುರೇನಿಯಂ ಮೇಲೆ, ಇದು ಸಬ್‌ಮರೀನ್ ಇಂಧನಕ್ಕೂ ಆಗುತ್ತೆ, ಸಾದಾ ನೀರು ಬಳಸೋ ಲೈಟ್ ವಾಟರ್ ರಿಯಾಕ್ಟರಿಗೂ ಆಗುತ್ತೆ, ಇನ್ನೂ ಮುಂದಕ್ಕೆ ತಗೊಂಡು ಹೋದ್ರೆ ಅದಕ್ಕೂ ಆಗುತ್ತೆ, ಐಎಇಎ ಪಟ್ಟಿಲಿ ಈ ಜಾಗ ಇಲ್ಲ ಅಂದೆ.