ಕಾಸ್ ಬೆಟ್ಟ ಹತ್ತಿದ ನಾಟಾ ರೈಲು

1942ರಲ್ಲಿ ಮೋವರ್ ಲಂಬರ್ ಕಂಪನಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಕಾಸ್‌ನಲ್ಲಿದ್ದ ಸಾಮಿಲ್ಲು ಮತ್ತು ನಾಟಾ ರೈಲನ್ನು ಕೊಂಡಾಗ, ಬೆಟ್ಟದ ಹಳೆಯ ಕೆಂಪು ಸ್ಪ್ರೂಸ್ ಮರಗಳು ಬಹುಪಾಲು ಖಾಲಿಯಾಗಿದ್ದವು. ಹಿಂದಿನ ಮಾಲೀಕರಾದ ದೊಡ್ಡ ಕಾಗದ ಕಂಪನಿ ನಾಲ್ಕು ದಶಕ ಅವನ್ನು ಕಡಿದು ಸಾಗಿಸಿತ್ತು. ಮೋವರ್‌ಗೆ ಸಿಕ್ಕಿದ್ದು ಎರಡನೇ ಬೆಳೆಯ ಮರ, ಸವೆದ ಹಳಿ, ಹಳೆಯ ಉಗಿ ಇಂಜಿನ್‌ಗಳು. ಅಷ್ಟನ್ನೇ ಇಟ್ಟುಕೊಂಡು ಆ ಕಂಪನಿ 1960ರವರೆಗೆ ಕೆಲಸ ನಡೆಸಿತು. ಅದು ಸಾಧ್ಯವಾದದ್ದು ಮುಖ್ಯವಾಗಿ ‘ಶೇ’ ಎಂಬ, ಗಿಯರ್‌ಗಳಿಂದ ಚಕ್ರ ತಿರುಗಿಸುವ ಉಗಿ ಇಂಜಿನ್‌ನಿಂದ.

ನಾಟಾ ರೈಲಿನ ಹಳಿ ಶಾಶ್ವತವಲ್ಲ. ಒಂದು ಕಣಿವೆಯ ಮರ ಮುಗಿದರೆ ಹಳಿ ಕಿತ್ತು ಮುಂದಿನ ಕಣಿವೆಗೆ ಹಾಕಬೇಕು. ಹಾಗಾಗಿ ನೆಲವನ್ನು ಸರಿಯಾಗಿ ಮಟ್ಟ ಮಾಡುವುದಿಲ್ಲ, ಜಲ್ಲಿಗೆ ಹೆಚ್ಚು ಖರ್ಚು ಮಾಡುವುದಿಲ್ಲ, ತಿರುವುಗಳು ತೀರಾ ಬಿಗಿ. ಕಾಸ್‌ನಲ್ಲಿ ಕೆಲವೆಡೆ ಏರು ನೂರು ಅಡಿಗೆ 11 ಅಡಿ. ಸಾಮಾನ್ಯ ಮುಖ್ಯ ಮಾರ್ಗಗಳಲ್ಲಿ ನೂರಕ್ಕೆ ಎರಡಡಿ ಏರೇ ಕಡಿದು ಎನಿಸುತ್ತದೆ.

ಸಾಮಾನ್ಯ ಉಗಿ ಇಂಜಿನ್ ಇಂಥ ಹಳಿಯ ಮೇಲೆ ನಿಲ್ಲುವುದೇ ಇಲ್ಲ. ದೊಡ್ಡ ಚಕ್ರಗಳು ಒಂದೇ ಗಟ್ಟಿ ಚೌಕಟ್ಟಿನಲ್ಲಿರುವುದರಿಂದ ಬಿಗಿ ತಿರುವಿನಲ್ಲಿ ಹಳಿಗಳನ್ನು ಅಗಲಿಸಿಬಿಡುತ್ತವೆ. ಅವನ್ನು ತಿರುಗಿಸುವ ಭಾರವಾದ ಸರಳುಗಳು ಪ್ರತಿ ಸುತ್ತಿಗೂ ಹಳಿಯನ್ನು ಬಡಿಯುತ್ತವೆ. 1870ರ ದಶಕದಲ್ಲಿ ಮಿಷಿಗನ್‌ನಲ್ಲಿ ಸ್ವಂತ ಸಾಮಿಲ್ಲು ನಡೆಸುತ್ತಿದ್ದ ಎಫ್ರೇಮ್ ಶೇ ಇದಕ್ಕೆ ಪರಿಹಾರ ಹುಡುಕಿದರು. 1881ರಲ್ಲಿ ಪೇಟೆಂಟ್ ಸಿಕ್ಕಿತು. ಒಹಾಯೊದ ಲೈಮಾ ಕಾರ್ಖಾನೆ 1945ರವರೆಗೆ ಇಂಥ ಇಂಜಿನ್‌ಗಳನ್ನು ಕಟ್ಟಿತು.

ಕಾಸ್‌ನ 5ನೇ ನಂಬರಿನ ಇಂಜಿನ್ (1905, 80 ಟನ್) ನೋಡಿ. ಬಲಬದಿಯಲ್ಲಿ ಮೂರು ಸಿಲಿಂಡರ್‌ಗಳು ನೆಟ್ಟಗೆ ನಿಂತಿವೆ. ಅವುಗಳ ತೂಕ ಸರಿದೂಗಿಸಲು ಬಾಯ್ಲರನ್ನು ಎಡಕ್ಕೆ ಸರಿಸಲಾಗಿದೆ. ಸಿಲಿಂಡರ್‌ಗಳು ಇಂಜಿನ್‌ನ ಉದ್ದಕ್ಕೂ ಹೋಗುವ ಶಾಫ್ಟ್ ಒಂದನ್ನು ತಿರುಗಿಸುತ್ತವೆ. ಅದರಲ್ಲಿನ ಯುನಿವರ್ಸಲ್ ಜಾಯಿಂಟ್‌ಗಳು (ಎತ್ತ ಬೇಕಾದರೂ ಬಾಗುವ ಕೀಲುಗಳು) ಮತ್ತು ಉದ್ದ ಹಿಗ್ಗಿ ಕುಗ್ಗುವ ತುಂಡುಗಳಿಂದ ಶಾಫ್ಟ್ ತಿರುವಿನಲ್ಲೂ ಬಾಗಬಲ್ಲದು. ಶಾಫ್ಟಿನ ಸಣ್ಣ ಗಿಯರ್‌ಗಳು ಬಲಬದಿಯ ಚಕ್ರಗಳ ಹೊರಮೈಗೆ ಬೋಲ್ಟ್ ಮಾಡಿದ ದೊಡ್ಡ ಹಲ್ಲುಚಕ್ರಗಳಿಗೆ ಕಚ್ಚಿಕೊಳ್ಳುತ್ತವೆ. ಹೀಗೆ ಹನ್ನೆರಡು ಚಕ್ರಗಳೂ ಎಳೆಯುತ್ತವೆ. ಹಿಂಬದಿಯ ಕಲ್ಲಿದ್ದಲು, ನೀರಿನ ತೂಕ ಕೂಡ ಹಳಿಯ ಮೇಲೆ ಚಕ್ರಗಳ ಹಿಡಿತ ಹೆಚ್ಚಿಸುತ್ತದೆ, ಇದೇ ಈ ವಿನ್ಯಾಸದ ಜಾಣತನ. ವೇಗ ಮಾತ್ರ ಕಡಿಮೆ, ಗಂಟೆಗೆ 20 ಕಿ.ಮೀ. ಆಸುಪಾಸು. ಗಿಯರ್‌ಗಳು ಬಯಲಿಗೇ ಇರುವುದರಿಂದ ಗ್ರೀಸ್ ಹಾಕುವುದು ತಪ್ಪಿದರೆ ಮರಳು, ದೂಳು ಸೇರಿ ಹಲ್ಲು ಸವೆಯುತ್ತದೆ.

ನೆಟ್ಟಗೆ ಹತ್ತಲಾಗದ ಕಡೆ ಸ್ವಿಚ್‌ಬ್ಯಾಕ್ ಇದೆ: ರೈಲು ಕವಲು ದಾಟಿ ನಿಂತು, ಹಳಿ ಬದಲಿಸಿಕೊಂಡು ಹಿಮ್ಮುಖವಾಗಿ ಮುಂದಿನ ಏರು ಹತ್ತುತ್ತದೆ. ಕಾಸ್‌ನಲ್ಲಿ ಇಂಥವು ಎರಡು. ಬುಡದಿಂದ ಇಂಜಿನ್ ಬೋಗಿಗಳನ್ನು ತಳ್ಳುತ್ತಾ ಹೊರಡುತ್ತದೆ. ಕೊಂಡಿ ಕಳಚಿದರೂ ಬೋಗಿಗಳಿಗೆ ಕೆಳಗಡೆ ಇಂಜಿನ್ ಅಡ್ಡ ಇರುತ್ತದೆ. ಮೊದಲ ಸ್ವಿಚ್‌ಬ್ಯಾಕ್ ದಾಟಿದ ಮೇಲೆ ಇಂಜಿನ್ ಎಳೆಯುವ ತುದಿಗೆ ಬರುತ್ತದೆ, ಎರಡನೆಯದರ ನಂತರ ಮತ್ತೆ ತಳ್ಳುತ್ತದೆ.

ಇಲ್ಲಿ ಬೆಂಕಿ ಹಾಕುವವನ ಕಣ್ಣು ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಮೇಲಿರಬೇಕು. ಇಂಜಿನ್‌ನ ಮೂತಿ ಏರಿನ ಕಡೆಗಿದ್ದಾಗ ನೀರು ಹಿಂದಕ್ಕೆ ಹರಿದು ಒಲೆಯ ಮೇಲ್ತಗಡನ್ನು ಮುಚ್ಚುತ್ತದೆ. ಮೂತಿ ಇಳಿಜಾರಿನ ಕಡೆಗಾದರೆ ನೀರು ಮುಂದಕ್ಕೆ ಸರಿದು ಆ ತಗಡು ಬರಿದಾಗುತ್ತದೆ. ಕೆಂಪಗೆ ಕಾದ ತಗಡು ಮೆತ್ತಗಾಗಿ, ಉಗಿಯ ಒತ್ತಡಕ್ಕೆ ಹರಿದರೆ ಬಾಯ್ಲರ್ ಸ್ಫೋಟಿಸುತ್ತದೆ. ಇದಕ್ಕಾಗಿಯೇ ತಗಡಿನಲ್ಲಿ ಬೇಗ ಕರಗುವ ಲೋಹದ ಬಿರಡೆ ಇಡುತ್ತಾರೆ. ನೀರು ತಪ್ಪಿದರೆ ಅದು ಕರಗಿ ಉಗಿ ಒಲೆಗೆ ನುಗ್ಗಿ ಎಚ್ಚರಿಸುತ್ತದೆ. ಆದರೆ ಬಿರಡೆಯನ್ನೇ ನಂಬಿ ಕೂರುವುದು ತಪ್ಪು, ಏರಿನ ದಿಕ್ಕು ಬದಲಾಗುವ ಮೊದಲೇ ಬಾಯ್ಲರಿಗೆ ನೀರು ತುಂಬಿಕೊಳ್ಳಬೇಕು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒದ್ದೆ ಎಲೆ ಬಿದ್ದ ಹಳಿಯ ಮೇಲೆ ಬ್ರೇಕ್ ಬಿಗಿಯಾದರೆ ಚಕ್ರ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಚಕ್ರಕ್ಕೆ ಹಿಡಿತ ಇನ್ನೂ ಕಡಿಮೆ, ಮೈ ಸವೆದು ಚಪ್ಪಟೆಯೂ ಆಗುತ್ತದೆ. ಆಗ ಬ್ರೇಕ್ ಸ್ವಲ್ಪ ಸಡಿಲಿಸಿ, ಹಳಿಗೆ ಮರಳು ಬಿಟ್ಟು ಮತ್ತೆ ಹಿಡಿಯಬೇಕು.

ಮೋವರ್ ಹೊಸ ಇಂಜಿನ್‌ಗೆ ದುಡ್ಡು ಸುರಿಯಲಿಲ್ಲ. 1922ರಲ್ಲಿ ಕಟ್ಟಿದ ಶೇ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡು 4ನೇ ನಂಬರ್ ಕೊಟ್ಟಿತು. 1960ರ ಜುಲೈಯಲ್ಲಿ ಮಿಲ್ಲು ಮುಚ್ಚಿತು; ಹಳಿ, ಇಂಜಿನ್‌ಗಳು ಗುಜರಿಗೆ ಹೋಗುವುದರಲ್ಲಿದ್ದವು. ರೈಲು ಪ್ರೇಮಿಗಳ ಒತ್ತಾಯದಿಂದ ರಾಜ್ಯ ಸರ್ಕಾರ ಅವನ್ನು ಕೊಂಡಿತು. 1963ರಿಂದ, ದಿಮ್ಮಿ ಹೊರುತ್ತಿದ್ದ ಬೋಗಿಗಳಿಗೆ ಸೂರು ಮತ್ತು ಬೆಂಚು ಹಾಕಿ, ಅದೇ ಶೇಗಳಿಂದ ಪ್ರವಾಸಿಗರನ್ನು ಬೆಟ್ಟಕ್ಕೆ ಒಯ್ಯಲಾಗುತ್ತಿದೆ.