ಕೆಫೀನ್ ಬೀಜದಲ್ಲಿ ಇಳಿಯಲಿ, ಎಲೆಯಲ್ಲಿ ಉಳಿಯಲಿ

ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕೊಡಗಿನ ರೊಬಸ್ಟಾ ಕಾಫಿ ತೋಟ ಬೆಳ್ಳಗಾಗುತ್ತದೆ. ಮಳೆ ಗಿಡಕ್ಕೆ ಹೊಸ ಜೀನ್ ತಂದು ಕೊಟ್ಟಿರುವುದಿಲ್ಲ; ಮೊಗ್ಗಿನಲ್ಲಿ ತೆಪ್ಪಗಿದ್ದ ಜೀನ್‌ಗಳು ಕೆಲಸಕ್ಕೆ ಇಳಿದಿರುತ್ತವೆ, ಅಷ್ಟೆ. ಬೇರು, ಎಲೆ, ಹೂವು ಎಲ್ಲದರ ಜೀವಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು. ಯಾವುದು ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂದು ಬಹುಮಟ್ಟಿಗೆ ತೀರ್ಮಾನಿಸುವುದು ಜೀನ್‌ನ ಮುಂದಿರುವ ಡಿಎನ್‌ಎ ತುಂಡು. ಅದಕ್ಕೆ ಪ್ರಮೋಟರ್ ಎನ್ನುತ್ತೇವೆ. ತೋಟದ ಸ್ಪ್ರಿಂಕ್ಲರ್ ಲೈನಿನ ವಾಲ್ವ್ ಇದ್ದಂತೆ: ಕೆರೆ ಒಂದೇ, ನೀರು ಯಾವ ಬ್ಲಾಕಿಗೆ ಎಂಬುದು ವಾಲ್ವಿನ ಕೈಯಲ್ಲಿ.

ಗೋಣಿಕೊಪ್ಪ, ಸಿದ್ದಾಪುರದ ಕಡೆ ಬೆಳೆಗಾರರ ಜೊತೆ ಮಾತಿಗೆ ಕೂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಕೆಫೀನ್ ಮಾಡೋ ಜೀನನ್ನೇ ಕಿತ್ತು ಹಾಕಿಬಿಡಿ ಸಾರ್, ಕೆಫೀನ್ ಇಲ್ಲದ ಡಿಕ್ಯಾಫ್ ಗಿಡವೇ ಸಿಗುತ್ತಲ್ಲ?" ರೊಬಸ್ಟಾದಲ್ಲಿ, ಇನ್ನೊಂದು ಮುಖ್ಯ ಕಾಫಿ ಜಾತಿಯಾದ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ ಪ್ರಶ್ನೆ ನ್ಯಾಯವಾದದ್ದೇ. 2003ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಹತ್ತಿರಕ್ಕೆ ಹೋಗಿದ್ದರು. ಜೀನನ್ನು ಕೀಳಲಿಲ್ಲ, ಅದರ ಬಾಯಿ ಕಟ್ಟಿದರು. ಕೆಫೀನ್ ತಯಾರಿಯ ನಡುವಿನ ಹಂತದಲ್ಲಿ ಥಿಯೋಬ್ರೊಮಿನ್ ಮಾಡುವ ಜೀನ್‌ನ ಸಂದೇಶ ಆರ್‌ಎನ್‌ಎ ರೂಪದಲ್ಲಿ ಹೊರಟ ಕೂಡಲೇ ತುಂಡಾಗುವಂತೆ ರೊಬಸ್ಟಾ ಸಸಿಗಳನ್ನು ರೂಪಿಸಿದರು. ಎಲೆಯ ಕೆಫೀನಿನಲ್ಲಿ ಶೇ 70ರಷ್ಟರವರೆಗೂ ಕಡಿತವಾಯಿತು.

ನನ್ನ ತಕರಾರು ಇರುವುದು ಆ 'ಎಲೆ'ಯ ಮೇಲೆ. ಗಿಡ ಕೆಫೀನ್ ಮಾಡುವುದು ನಮ್ಮ ಬೆಳಗಿನ ಲೋಟಕ್ಕಲ್ಲ, ಹುಳುಗಳಿಗೆ. ಕಾಫಿಯ ಮೂರು ಜೀನ್‌ಗಳನ್ನು ತಂಬಾಕಿಗೆ ಸೇರಿಸಿ ಅದರ ಎಲೆಯಲ್ಲಿ ಕೆಫೀನ್ ಬರಿಸಿದಾಗ, ಎಲೆ ತಿನ್ನುವ ಹುಳುಗಳು ಅದನ್ನು ದೂರ ಇಟ್ಟವು. ಎಳೆ ಚಿಗುರಿನ ಈ ಕಾವಲನ್ನು ತೆಗೆದುಬಿಟ್ಟರೆ ಡಿಕ್ಯಾಫ್ ಗಿಡದಿಂದ ಬಂದ ಲಾಭ ಹುಳುವಿನ ಔಷಧಿ ಅಂಗಡಿಗೇ ಹೋಗುತ್ತದೆ.

ಹಾಗಾದರೆ ಕಾಯಿಯಲ್ಲಿ ಕೆಫೀನ್ ಇಳಿದರೆ ಕಾಯಿಕೊರಕಕ್ಕೆ ಹಬ್ಬವಲ್ಲವೇ? ಅಷ್ಟೇನೂ ಅಲ್ಲ. 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಂಡು, ಆಮೇಲೆ ಕೊಡಗಿಗೂ ಬಂದ ಈ ಪುಟ್ಟ ದುಂಬಿಯ ಕರುಳಿನಲ್ಲಿ ಕೆಫೀನನ್ನೇ ಅರಗಿಸುವ ಬ್ಯಾಕ್ಟೀರಿಯಾಗಳಿವೆ. ಅದಕ್ಕೆ ಈಗಲೂ ಕೆಫೀನಿನ ಭಯ ಇಲ್ಲ.

ಆದ್ದರಿಂದ ಬೇಕಾಗಿರುವುದು ಕಾಯಿಯಲ್ಲಿ ಮಾತ್ರ ಮುಚ್ಚುವ ವಾಲ್ವ್. ಬೀಜಕ್ಕಷ್ಟೇ ಸೀಮಿತ ಮಾಡಿದರೂ ಸಾಲದು. ಎಳೆಕಾಯಿಯ ಸಿಪ್ಪೆ-ತಿರುಳಿನಲ್ಲಿ ತಯಾರಾದ ಕೆಫೀನ್ ಒಳಗಿನ ಬೀಜಕ್ಕೆ ಸೋರುತ್ತದೆ. ಇಡೀ ಕಾಯಿಯಲ್ಲಿ, ಅದೂ ಎಳೆಯದಿದ್ದಾಗಲೇ, ಕೆಫೀನ್ ಜೀನ್‌ನ ಬಾಯಿ ಕಟ್ಟಿಸುವ ಪ್ರಮೋಟರ್ ಹುಡುಕಬೇಕು. ರೊಬಸ್ಟಾದ ಕೆಫೀನ್ ಜೀನೊಂದರ ಪ್ರಮೋಟರನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು 2005ರಲ್ಲೇ ಬೇರ್ಪಡಿಸಿದ್ದರು, ಹಾಗಾಗಿ ನೆಲೆ ತೀರಾ ಹೊಸದಲ್ಲ.

ದಾರಿ ಎರಡಿವೆ. ಬಾಯಿ ಕಟ್ಟುವ ತುಣುಕನ್ನು ಕಾಯಿಯ ಪ್ರಮೋಟರ್‌ಗೆ ಜೋಡಿಸಿ ಗಿಡಕ್ಕೆ ಸೇರಿಸುವುದು ಒಂದು. ಆಗ ಅದು ಕುಲಾಂತರಿ, ನಿಯಮಗಳು ಬಿಗಿ. ಇನ್ನೊಂದು, ಡಿಎನ್‌ಎ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದಿಂದ ಕೆಫೀನ್ ಜೀನ್‌ನ ಸ್ವಂತ ಪ್ರಮೋಟರ್‌ನಲ್ಲೇ ಕೆಲವು ಅಕ್ಷರ ಅಳಿಸುವುದು. ಹೊರಗಿನ ಡಿಎನ್‌ಎ ಉಳಿಯದ ಇಂಥ ತಿದ್ದುಪಡಿಗೆ ಕೇಂದ್ರ ಸರ್ಕಾರ 2022ರಲ್ಲಿ ನಿಯಮ ಸಡಿಲಿಸಿತು. ಟೊಮೆಟೊದಲ್ಲಿ ಹೀಗೆ ಪ್ರಮೋಟರ್ ಕತ್ತರಿಸಿ ಹಣ್ಣಿನ ಗಾತ್ರವನ್ನು ಹಂತಹಂತವಾಗಿ ಬದಲಿಸಿದ್ದು 2017ರಲ್ಲಿ.

ಎರಡನೆಯ ದಾರಿಗೆ ರೊಬಸ್ಟಾದಲ್ಲಿ ಒಂದು ತೊಡಕಿದೆ. ಅದರ ಹೂವು ತನ್ನದೇ ಪರಾಗ ಒಪ್ಪುವುದಿಲ್ಲ, ಬೇರೆ ಗಿಡದ್ದೇ ಬೇಕು. ನಾವು ಹುರಿಯುವ ಬೀಜದ ಬಹುಪಾಲು ಎಂಡೋಸ್ಪರ್ಮ್, ಅಂದರೆ ಮೊಳಕೆಗೆ ಆಹಾರ ಕೂಡಿಟ್ಟ ಭಾಗ. ಅದರಲ್ಲಿ ಎರಡು ಪಾಲು ತಾಯಿಯದು, ಒಂದು ಪಾಲು ಪರಾಗದ್ದು. ತಿದ್ದಿದ ಗಿಡವನ್ನು ಕಸಿ ಮಾಡಿಯೇ ನೆಟ್ಟರೂ ಪಕ್ಕದ ತೋಟದ ಪರಾಗ ತಿದ್ದದ ಪ್ರಮೋಟರನ್ನು ನಿಮ್ಮ ಬೀಜದೊಳಕ್ಕೆ ತಂದಿಡಬಹುದು. ಅರೇಬಿಕಾ ಸ್ವಪರಾಗಸ್ಪರ್ಶದ ಗಿಡ. ಅದರಲ್ಲಿ ಪ್ರತಿ ಜೀನ್‌ಗೆ ನಾಲ್ಕು ಪ್ರತಿ ಇರುವುದರಿಂದ ನಾಲ್ಕನ್ನೂ ತಿದ್ದುವ ತಾಪತ್ರಯ ಇದೆ. ಆದರೂ ನನ್ನ ಒಲವು ಅರೇಬಿಕಾ ಕಡೆಗೇ.