ಟ್ರ್ಯಾಕಿಗೆ ಓಡಿಸಿಕೊಂಡೇ ಹೋಗಿ, ಓಡಿಸಿಕೊಂಡೇ ಬರುವ ಕಾರು

ಪುಣೆಯ ಭೋಸರಿಯಲ್ಲಿರುವ ನಮ್ಮ ಗ್ಯಾರೇಜಿಗೆ ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರು ಆಗಾಗ ಬರುತ್ತಾರೆ. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಧಾರವಾಡ ಕಡೆಯ ಯುವಕನೊಬ್ಬ ತನ್ನ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ ಕಾರನ್ನು ತಂದು ನಿಲ್ಲಿಸಿದ. ನಮ್ಮ ನೆರೆಯ ಚಾಕಣದಲ್ಲೇ ತಯಾರಾದ ಕಾರು ಅದು. 110 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರು. ವಾರವೆಲ್ಲ ಆಫೀಸಿಗೆ ಓಡಾಡಲು, ವರ್ಷಕ್ಕೆ ಎರಡು ಮೂರು ಬಾರಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿಗೆ ಹೋಗಿಬರಲು ಅದೇ ಕಾರು ಬೇಕೆಂಬುದು ಅವನ ಆಸೆ. ಬಾನೆಟ್ ತೆಗೆಯುವ ಮೊದಲೇ ಕೇಳಿದ: “ಸರ, ಇದರಾಗ 150 ಹಾರ್ಸ್‌ಪವರ್ ಬರಬೇಕಂದ್ರ ಎಷ್ಟ ಖರ್ಚ ಆಗತದ್ರಿ?”

“ಪವರ್ ಮಾತು ಆಮ್ಯಾಲ ಮಾಡೂಣಪಾ. ಬ್ರೇಕ್ ಆಯಿಲ್ ಯಾವಾಗ ಬದಲಿ ಮಾಡ್ಸೀದಿ?” ಎಂದೆ. ಕಾರು ಕೊಂಡಾಗಿನಿಂದ ಬದಲಿಸಿದ ನೆನಪು ಅವನಿಗಿರಲಿಲ್ಲ.

ರಸ್ತೆಗೂ ಟ್ರ್ಯಾಕಿಗೂ ಇರುವ ಮುಖ್ಯ ವ್ಯತ್ಯಾಸ ವೇಗವೆಂದು ಹೆಚ್ಚಿನವರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಆ ವ್ಯತ್ಯಾಸ ಇರುವುದು ಬಿಸಿಯಲ್ಲಿ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಹೋಗುವ ಕಾರಿನ ಬ್ರೇಕು ತಣ್ಣಗೇ ಇರುತ್ತದೆ, ಎಂಜಿನ್ನು ತನ್ನ ಸಾಮರ್ಥ್ಯದ ಒಂದು ಪಾಲನ್ನಷ್ಟೇ ಬಳಸುತ್ತಿರುತ್ತದೆ. ಟ್ರ್ಯಾಕಿನಲ್ಲಿ ಅದೇ ಕಾರು ಇಪ್ಪತ್ತು ನಿಮಿಷ ಬಿಡುವಿಲ್ಲದೆ ಪೂರ್ತಿ ಆಕ್ಸಿಲರೇಟರ್, ಪೂರ್ತಿ ಬ್ರೇಕ್, ಮತ್ತೆ ಪೂರ್ತಿ ಆಕ್ಸಿಲರೇಟರ್ ಎಂಬಂತೆ ದುಡಿಯುತ್ತದೆ. ಹುಟ್ಟಿದ ಬಿಸಿಯನ್ನು ಹೊರಹಾಕಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ಎರಡೂ ಕಡೆ ಓಡಬೇಕಾದ ಕಾರನ್ನು ಕಟ್ಟುವಾಗ ಮೊದಲು ಬಿಸಿಯ ಲೆಕ್ಕ ಹಾಕಬೇಕು. ಅಶ್ವಶಕ್ತಿಯ ಲೆಕ್ಕ ಅದರ ಹಿಂದೆ ಬರಲಿ.

ಆ ಲೆಕ್ಕ ಕಷ್ಟದ್ದೇನಲ್ಲ. ಚಾಲಕನೂ ಸೇರಿ 1100 ಕೆ.ಜಿ. ತೂಗುವ ಕಾರು ಗಂಟೆಗೆ 130 ಕಿಲೋಮೀಟರ್ ವೇಗದಿಂದ 65ಕ್ಕೆ ಇಳಿದರೆ ಸುಮಾರು 540 ಕಿಲೋಜೌಲ್ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೋಣೆಯ ಉಷ್ಣಾಂಶದಲ್ಲಿರುವ ಒಂದೂವರೆ ಲೀಟರಿಗೂ ಹೆಚ್ಚು ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಸಾಕು. ಇದರ ಬಹುಪಾಲು ಎರಡು ಮೂರು ಸೆಕೆಂಡುಗಳಲ್ಲಿ ಬ್ರೇಕಿನೊಳಗೆ, ಅದರಲ್ಲೂ ಹೆಚ್ಚಾಗಿ ಮುಂದಿನ ಎರಡು ಡಿಸ್ಕುಗಳೊಳಗೆ ಸೇರಿಕೊಳ್ಳುತ್ತದೆ. ಕರಿ ಸ್ಪೀಡ್‌ವೇಯ ಒಂದು ಸುತ್ತು 2.1 ಕಿಲೋಮೀಟರ್ ಮಾತ್ರ. ಡಿಸ್ಕು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಈ ಬಿಸಿ ಡಿಸ್ಕನ್ನು ಹಿಡಿಯುವ ಪ್ಯಾಡಿನಿಂದ ಅದನ್ನು ಒತ್ತುವ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಬ್ರೇಕ್ ಆಯಿಲಿಗೆ ದಾಟುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 5.1ರಲ್ಲಿ ಇದೇ ಅಂಕಿಗಳು 260 ಮತ್ತು 180. ಪುಣೆಯ ಎರಡು ಮಳೆಗಾಲಗಳನ್ನು ಕಂಡ ಆಯಿಲ್ ಮೇಲ್ನೋಟಕ್ಕೆ ಎಷ್ಟೇ ತಿಳಿಯಾಗಿದ್ದರೂ ಅದನ್ನು ನಂಬಿ ಟ್ರ್ಯಾಕಿಗೆ ಇಳಿಯಬಾರದು. ನಾನು ನಂಬಿ ಇಳಿದಿದ್ದೆ. ಬಹಳ ವರ್ಷಗಳ ಹಿಂದೆ ನನ್ನ ಹಳೆಯ ಕಾರಿಗೆ ದುಬಾರಿ ಪ್ಯಾಡುಗಳನ್ನು ಹಾಕಿ, ಆಯಿಲ್ ಮಾತ್ರ ಹಳೆಯದನ್ನೇ ಉಳಿಸಿಕೊಂಡು ಕೊಯಮತ್ತೂರಿಗೆ ಹೋಗಿದ್ದೆ. ಏಳನೆಯ ಸುತ್ತಿನಲ್ಲಿ ನೇರ ದಾರಿಯ ಕೊನೆಗೆ ಬ್ರೇಕ್ ಒತ್ತಿದರೆ ಪೆಡಲ್ ಒದ್ದೆ ಅರಿವೆಯನ್ನು ತುಳಿದಂತೆ ಮೆತ್ತಗೆ ತಳ ಮುಟ್ಟಿತು. ಆಯಿಲ್ ಕುದಿದು ಅದರೊಳಗೆ ಆವಿಯ ಗುಳ್ಳೆಗಳಾಗಿದ್ದವು. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು, ಹಾಗಾಗಿ ನನ್ನ ಕಾಲಿನ ಒತ್ತಡ ಪ್ಯಾಡಿನವರೆಗೆ ತಲುಪಲೇ ಇಲ್ಲ. ಪೆಡಲನ್ನು ಮತ್ತೆ ಮತ್ತೆ ತುಳಿದು, ಗೇರು ಇಳಿಸಿ, ಕೊನೆಗೆ ಟ್ರ್ಯಾಕಿನಾಚೆಯ ಮಣ್ಣಿನಲ್ಲಿ ಕಾರು ನಿಂತಿತು. ಕಾರಿಗೂ ನನಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಟ್ರ್ಯಾಕಿಗೆ ಹೊರಟ ಯಾವ ಕಾರನ್ನೂ ಹೊಸ ಬ್ರೇಕ್ ಆಯಿಲ್ ತುಂಬಿ, ಅದರ ಕೊಳವೆಗಳೊಳಗಿನ ಗಾಳಿ ತೆಗೆಯದೆ ನಾನು ಬಾಗಿಲು ದಾಟಿಸಿಲ್ಲ.

ಪ್ಯಾಡಿನ ಆಯ್ಕೆಯಲ್ಲಿ ರಸ್ತೆ ಮತ್ತು ಟ್ರ್ಯಾಕ್ ನೇರವಾಗಿ ಎದುರುಬದುರಾಗುತ್ತವೆ. ಪೂರ್ಣ ರೇಸಿಂಗ್ ಪ್ಯಾಡ್ ಕೆಂಡದಂಥ ಬಿಸಿಯಲ್ಲೂ ಹಿಡಿತ ಬಿಡುವುದಿಲ್ಲ, ಆದರೆ ತಣ್ಣಗಿರುವಾಗ ಸರಿಯಾಗಿ ಹಿಡಿಯುವುದೂ ಇಲ್ಲ. ಜುಲೈ ತಿಂಗಳ ಮುಂಜಾನೆ ಕಾತ್ರಜ್ ಘಾಟಿನಲ್ಲಿ ಮುಂದಿನ ಟೆಂಪೊ ಗಕ್ಕನೆ ನಿಂತರೆ, ಮೊದಲ ಒತ್ತಿಗೇ ಹಿಡಿಯುವ ಪ್ಯಾಡು ಬೇಕಾಗುತ್ತದೆ. ಆದ್ದರಿಂದ ರಸ್ತೆಗೂ ಸಲ್ಲುವ ನಡುವಿನ ದರ್ಜೆಯ ಪ್ಯಾಡನ್ನೇ ಹಾಕುತ್ತೇನೆ, ಮತ್ತು ಅದರ ಕೊರತೆಯನ್ನು ಗಾಳಿಯಿಂದ ತುಂಬಿಸುತ್ತೇನೆ. ಮುಂದಿನ ಬಂಪರಿನ ಫಾಗ್ ಲ್ಯಾಂಪಿನ ಜಾಗದಿಂದ ಮೂರು ಇಂಚಿನ ಹೋಸನ್ನು ಎಳೆದು, ಅದರ ಬಾಯಿಯನ್ನು ಡಿಸ್ಕಿನ ನಡುಭಾಗಕ್ಕೆ ತಿರುಗಿಸಿ ಕಟ್ಟಿದರೆ, ಗಾಳಿ ಡಿಸ್ಕಿನೊಳಗಿನ ಸೀಳುಗಳ ಮೂಲಕ ಹಾಯ್ದು ಹೊರಬರುತ್ತದೆ. ಡಿಸ್ಕಿನ ಹೊರಮೈಗೆ ಗಾಳಿ ಬಿಡುವವರಿದ್ದಾರೆ. ಅದರಿಂದ ಒಂದು ಮೈ ತಣ್ಣಗಾಗಿ ಇನ್ನೊಂದು ಮೈ ಬಿಸಿಯಾಗಿಯೇ ಉಳಿಯುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಮುಗಿಸಬೇಕು. ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್ಟಿಗೆ ಬಂದು ನಿಂತಾಗ ಬ್ರೇಕ್ ಪೆಡಲಿನ ಮೇಲೆ ಕಾಲಿಟ್ಟುಕೊಂಡು ಕೂರಬಾರದು, ಹ್ಯಾಂಡ್ ಬ್ರೇಕನ್ನೂ ಎಳೆಯಬಾರದು. ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ.

ಬಿಸಿಯ ಎರಡನೆಯ ಮನೆ ಎಂಜಿನ್ ಆಯಿಲ್. ಹೆಚ್ಚಿನ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ನೀರಿನ ಬಿಸಿ ತೋರಿಸುತ್ತಾರೆ, ಆಯಿಲಿನದು ತೋರಿಸುವುದಿಲ್ಲ. ನೀರಿನ ಮುಳ್ಳು ನಡುವಿನಲ್ಲೇ ನಿಂತಿರುವಾಗಲೂ ಆಯಿಲ್ 130 ಡಿಗ್ರಿ ದಾಟಿರಬಹುದು. ಆದ್ದರಿಂದ ಮೊದಲು ಆಯಿಲ್ ಉಷ್ಣಾಂಶದ ಮೀಟರ್ ಹಾಕಿ, ಒಂದು ದಿನ ಟ್ರ್ಯಾಕಿನಲ್ಲಿ ಓಡಿಸಿ, ಆಮೇಲೆ ಆಯಿಲ್ ಕೂಲರ್ ಬೇಕೋ ಬೇಡವೋ ತೀರ್ಮಾನಿಸುವುದು ಸರಿಯಾದ ಕ್ರಮ. ಇದರ ಜೊತೆಗೆ ಇನ್ನೊಂದು ಅಪಾಯವಿದೆ. ಒಳ್ಳೆಯ ಟೈರು ಹಾಕಿದ ಕಾರು ತಿರುವಿನಲ್ಲಿ ಗುರುತ್ವಾಕರ್ಷಣೆಯಷ್ಟೇ ಬಲವನ್ನು ಅಡ್ಡಲಾಗಿ ಹುಟ್ಟಿಸಿದರೆ, ಸಂಪಿನೊಳಗಿನ, ಅಂದರೆ ಎಂಜಿನ್ನಿನ ತಳದ ತೊಟ್ಟಿಯೊಳಗಿನ, ಆಯಿಲಿನ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಬಲಕ್ಕೆ ತಿರುಗುವ ಉದ್ದನೆಯ ತಿರುವಿನಲ್ಲಿ ಆಯಿಲೆಲ್ಲ ಎಡಕ್ಕೆ ಸರಿದು, ಪಂಪಿನ ಬಾಯಿಗೆ ಗಾಳಿ ಸಿಕ್ಕರೆ, ಬೇರಿಂಗುಗಳು ಸವೆಯಲು ಕೆಲವೇ ಸೆಕೆಂಡು ಸಾಕು. ಸಂಪಿನೊಳಗೆ ಅಡ್ಡತಟ್ಟೆಗಳನ್ನು ಕೂಡಿಸುವುದು ಇದಕ್ಕೆ ಪರಿಹಾರ. ಹೊರಗಿನಿಂದ ಯಾರಿಗೂ ಕಾಣದ ಈ ಕೆಲಸಕ್ಕೆ ದುಡ್ಡು ಹಾಕಲು ಹುಡುಗರು ಹಿಂದೆಮುಂದೆ ನೋಡುತ್ತಾರೆ. ನಾನು ಪಟ್ಟು ಹಿಡಿಯುತ್ತೇನೆ.

ಸಸ್ಪೆನ್ಷನ್ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಪುಣೆಯ ಹಂಪುಗಳೇ ಅದರ ಮಿತಿಯನ್ನು ಗೊತ್ತುಮಾಡಿವೆ. ಕಾರನ್ನು ಇಪ್ಪತ್ತೈದು ಮಿಲಿಮೀಟರಿಗಿಂತ ಹೆಚ್ಚು ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಸ್ಪ್ರಿಂಗ್ ಬದಲಿಸಿದರೆ ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರನ್ನೂ ಬದಲಿಸಲೇಬೇಕು.

ಕಾರಿನೊಳಗೆ ರೋಲ್ ಕೇಜ್ ಎಂಬ ಉಕ್ಕಿನ ಕೊಳವೆಗಳ ಪಂಜರ ಕೇಳುವವರಿಗೆ ಮಾತ್ರ ಬಿಡಿಸಿ ಹೇಳುತ್ತೇನೆ. ಹೆಲ್ಮೆಟ್ ತೊಟ್ಟು, ರೇಸಿಂಗ್ ಸೀಟಿನಲ್ಲಿ ಬೆಲ್ಟುಗಳಿಂದ ಬಿಗಿದುಕೊಂಡು ಕೂತವನಿಗೆ ಆ ಉಕ್ಕಿನ ಕೊಳವೆಗಳು ರಕ್ಷಣೆ. ಅದೇ ಕಾರಿನಲ್ಲಿ ಬರಿದಲೆಯಲ್ಲಿ ಮಾರುಕಟ್ಟೆಗೆ ಹೋಗುವವನಿಗೆ, ತಲೆಯಿಂದ ಗೇಣುದೂರದಲ್ಲಿರುವ ಆ ಕೊಳವೆ ಸಣ್ಣ ಅಪಘಾತವನ್ನೂ ಪ್ರಾಣಾಂತಿಕವಾಗಿಸಬಲ್ಲದು. ಎರಡೂ ಕಡೆ ಓಡುವ ಕಾರಿನಲ್ಲಿ ಕಂಪನಿಯ ಸೀಟ್ ಬೆಲ್ಟೂ ಏರ್‌ಬ್ಯಾಗೂ ಇದ್ದಹಾಗೇ ಇರಲಿ.

ಕಾನೂನೂ ಇಲ್ಲಿ ಅಡ್ಡ ಬರುತ್ತದೆ, ಮತ್ತು ಅದು ಅಡ್ಡ ಬರುವುದು ಸರಿಯೇ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಎಂಜಿನ್ ಅದಲುಬದಲು, ಬಣ್ಣ ಬದಲು, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆಯುವ ಕೆಲಸಗಳನ್ನು ರಸ್ತೆಯ ಕಾರಿಗೆ ನಾನು ಮಾಡುವುದಿಲ್ಲ. ಸಾಮಾನ್ಯ ವಿಮೆಯಲ್ಲಿ ರೇಸು ಮತ್ತು ವೇಗ ಪರೀಕ್ಷೆ ಸೇರಿರುವುದಿಲ್ಲ ಎಂಬುದನ್ನೂ ಟ್ರ್ಯಾಕಿಗೆ ಹೊರಡುವ ಮೊದಲು ಪ್ರತಿಯೊಬ್ಬರಿಗೂ ತಿಳಿಸುತ್ತೇನೆ.

ಇನ್ನು ಆ ಹುಡುಗ ಕೇಳಿದ ಅಶ್ವಶಕ್ತಿಯ ಮಾತು. ಟರ್ಬೊ ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪ್ ಮಾಡಿ, ಅಂದರೆ ಅದರೊಳಗಿನ ಇಂಧನ, ಕಿಡಿಗಳ ಲೆಕ್ಕವನ್ನು (ಮ್ಯಾಪನ್ನು) ಬದಲಿಸಿ, ಶಕ್ತಿ ಏರಿಸುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಯಾವ ಪೆಟ್ರೋಲನ್ನು ನಂಬಿ ಏರಿಸುತ್ತೇವೆ ಎಂಬುದು ಮುಖ್ಯ. ಪುಣೆಯಲ್ಲಿ, ಸುಲಭವಾಗಿ ತಾನೇ ಸಿಡಿಯದ 100 ಆಕ್ಟೇನ್ ಪೆಟ್ರೋಲ್ ಸಿಗುತ್ತದೆ. ಅದಕ್ಕೆ ತಕ್ಕಂತೆ ಮ್ಯಾಪ್ ಮಾಡಿಸಿಕೊಂಡವನು ನಿಪ್ಪಾಣಿಯ ಹತ್ತಿರ ಟ್ಯಾಂಕ್ ಬರಿದಾದಾಗ ಸಿಕ್ಕ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲನ್ನೇ ತುಂಬಿಸಬೇಕಾಗುತ್ತದೆ. ಆಗ ಕಿಡಿಯಿಂದ ಹೊತ್ತಿದ ಜ್ವಾಲೆ ತಲುಪುವ ಮೊದಲೇ ಉಳಿದ ಇಂಧನ ತಾನೇ ಸಿಡಿದು ಪಿಸ್ಟನ್ನಿಗೆ ಹೊಡೆತ ಕೊಡುತ್ತದೆ. ಪುಣೆಯಿಂದ ಕೊಯಮತ್ತೂರಿಗೆ ಸುಮಾರು 1200 ಕಿಲೋಮೀಟರ್. ಆ ದಾರಿಯುದ್ದಕ್ಕೂ ಎಲ್ಲ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಹೊಂದುವ ಮ್ಯಾಪೇ ಈ ಕಾರಿಗೆ ಸರಿ, ಅದರಿಂದ ಹತ್ತು ಅಶ್ವಶಕ್ತಿ ಕಡಿಮೆಯಾದರೂ ಚಿಂತೆಯಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಒಂದು ಕೆ.ಜಿ. ಪೆಟ್ರೋಲ್ ಉರಿಯಲು 14.7 ಕೆ.ಜಿ. ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಹಳೆಯ ಮ್ಯಾಪನ್ನು ಎಲ್ಲಿಂದಲೋ ತಂದು ಹಾಕುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

ಹುಡುಗ ಒಪ್ಪಿದ. ಬ್ರೇಕ್, ಹೋಸು, ಆಯಿಲ್ ಮೀಟರ್, ಸಂಪು, ಟೈರು ಇಷ್ಟು ಮುಗಿಸಿ, ಎಂಜಿನ್ನನ್ನು ಕಂಪನಿಯ ಸ್ಥಿತಿಯಲ್ಲೇ ಬಿಟ್ಟು ಡಿಸೆಂಬರಿನಲ್ಲಿ ಹೊರಟೆವು. ನಾನೂ ಜೊತೆಗಿದ್ದೆ. ಟ್ರ್ಯಾಕಿನಲ್ಲಿ ಟೈರಿನ ಗಾಳಿಯನ್ನು ಪ್ರತಿ ಬಾರಿಯೂ ಅಳೆದೆವು. ಬೆಳಿಗ್ಗೆ 30 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದದ್ದು ಒಳಗಿನ ಗಾಳಿ 80 ಡಿಗ್ರಿಗೆ ಏರಿದಾಗ 39 ದಾಟುತ್ತದೆ. ಹಿಡಿತ ತಪ್ಪದಿರಲೆಂದು ಆ ಬಿಸಿಯಲ್ಲೇ ಗಾಳಿ ಬಿಟ್ಟು ಮತ್ತೆ 32ಕ್ಕೆ ಇಳಿಸಿದೆವು.

ಮರುದಿನ ನಸುಕಿನಲ್ಲಿ ಊರಿಗೆ ಹೊರಡುವಾಗ ಅವನು ಬ್ಯಾಗುಗಳನ್ನಿಟ್ಟು ಕಾರು ಚಾಲೂ ಮಾಡಿದ. ನಿಲ್ಲಿಸೆಂದು ಗೇಜ್ ಹಚ್ಚಿ ತೋರಿಸಿದೆ: 25. ತಣ್ಣಗಾದ ಟೈರಿನಲ್ಲಿ ಉಳಿದದ್ದು ಅಷ್ಟೇ ಗಾಳಿ. ಹತ್ತಿರದ ಬಂಕಿನಲ್ಲಿ ನಾಲ್ಕಕ್ಕೂ 32 ತುಂಬಿಸಿ, ಗಾಲಿಯ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ 120 ನ್ಯೂಟನ್ ಮೀಟರಿಗೆ ಇನ್ನೊಮ್ಮೆ ಬಿಗಿದು, ಬ್ರೇಕ್ ಪೆಡಲನ್ನು ಮೂರು ಬಾರಿ ಒತ್ತಿ ನೋಡಿ ಸೇಲಂ ದಾರಿ ಹಿಡಿದೆವು.